ಫುರ್ಟ್‌ವೆಂಗ್ಲರ್ ರೆಕಾರ್ಡಿಗೆ ಮೈಸೂರಿನ ದುಡ್ಡು

ಸಂಪಾದಕರೇ,

ಪ್ರತಿ ದಸರಾಕ್ಕೂ ಜಯಚಾಮರಾಜ ಒಡೆಯರ ಸಂಗೀತದ ಬಗ್ಗೆ ಲೇಖನಗಳು ಬರುತ್ತವೆ. 94 ಕೃತಿಗಳು, ಶ್ರೀವಿದ್ಯಾ ಅಂಕಿತ, ಗುರುಗಳಾದ ವಾಸುದೇವಾಚಾರ್ಯರು. ಅಲ್ಲಿಗೆ ಮುಗಿಯಿತು. ಅವರ ಪಾಶ್ಚಾತ್ಯ ಸಂಗೀತದ ಹುಚ್ಚಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಈಗ ಅದನ್ನು ಹೇಳಲು ನೆಪ ಸಿಕ್ಕಿದೆ. ನವೆಂಬರ್ 30, ಜರ್ಮನಿಯ ಕಂಡಕ್ಟರ್, ಅಂದರೆ ಕಡ್ಡಿ ಹಿಡಿದು ವಾದ್ಯವೃಂದ ನಡೆಸುವ, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ 1954ರಲ್ಲಿ ತೀರಿಕೊಂಡ ದಿನ. ನಮ್ಮ ಮಹಾರಾಜರಿಗೂ ಇವರಿಗೂ ಒಂದು ನಂಟಿದೆ, ಮುಂದೆ ಹೇಳುತ್ತೇನೆ.

ಕಡ್ಡಿ ಆಡಿಸುವವರ ಮೇಲೇನು ಅಷ್ಟು ಅಭಿಮಾನ ಅಂತ ನಮ್ಮ ಮನೆಯಲ್ಲೇ ಕೇಳುತ್ತಾರೆ. ಇವರ ಕಡ್ಡಿಯಂತೂ ಗಾಳಿಯಲ್ಲಿ ನಡುಗುತ್ತಿತ್ತು, ಎಲ್ಲಿ ಶುರು ಮಾಡಬೇಕು ಅಂತ ನುಡಿಸುವವರಿಗೇ ಗೊತ್ತಾಗುತ್ತಿರಲಿಲ್ಲವಂತೆ! ಆದರೆ 1951ರ ಜುಲೈ 29ರಂದು ಜರ್ಮನಿಯ ಬೈರಾಯ್ಟ್ ಊರಿನಲ್ಲಿ ಅವರು ನಡೆಸಿದ ಬೀಥೋವನ್‌ನ ಒಂಬತ್ತನೇ ಸಿಂಫನಿ (ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ) ಹಾಕಿ ನೋಡಿ. ಮೊದಲು ಎಲ್ಲೋ ದೂರದಿಂದ ಬಂದ ಹಾಗೆ ಸಣ್ಣಗೆ ಶುರುವಾಗಿ, ಕೊನೆಗೆ ಎಲ್ಲರೂ ಎದ್ದುಬಿದ್ದು ಓಡುತ್ತಾರೆ, ತಾಳ ಎಲ್ಲಿ ಕೈತಪ್ಪುತ್ತದೋ ಅಂತ ನಮಗೇ ಎದೆ ಹೊಡೆದುಕೊಳ್ಳುತ್ತದೆ. ನನ್ನ ಹತ್ತಿರ ಮೊದಲು ಇದ್ದದ್ದು ಕ್ಯಾಸೆಟ್. ಒಂದು ಮಳೆಗಾಲ ತೆಗೆದು ನೋಡಿದರೆ ಪೂರ್ತಿ ಬೂಷ್ಟು. ಈಗಿರುವ ಸೀಡಿಯನ್ನು ಯಾರಿಗೂ ಕೊಡುವುದಿಲ್ಲ, ಕೇಳಬೇಡಿ.

ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಹೋಗಲಿಲ್ಲ ಅನ್ನುವ ಮಾತು ಅವರ ಬೆನ್ನು ಬಿಡಲಿಲ್ಲ. ವಿಚಾರಣೆಯಾಗಿ ಆರೋಪಮುಕ್ತರಾಗಿ, 1947ರಲ್ಲಷ್ಟೇ ಮತ್ತೆ ಬರ್ಲಿನ್‌ನ ವೇದಿಕೆ ಹತ್ತಿದರು. ಅದು ಮರೆಯುವ ವಿಷಯವಲ್ಲ, ನಾನೂ ಮರೆತು ಕೇಳುವುದಿಲ್ಲ.

ಮೈಸೂರಿನ ಸಂಗತಿ ಇದು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದಿಟ್ಟ ನಾಲ್ಕು ಹಾಡುಗಳು ಮೊದಲ ಸಲ ಸಭೆಯ ಮುಂದೆ ಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲ್ಯಾಗ್‌ಸ್ಟಾಡ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ, ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರ್ ಜವಾಬ್ದಾರಿ ಹೊತ್ತವರು ನಮ್ಮ ಮಹಾರಾಜರು! ಅವರಿಗೆ ಹೋಗಲಾಗಲಿಲ್ಲ, ಅದಕ್ಕೇ ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸುವ ಏರ್ಪಾಡು. ಆಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡ್‌ಗಳಿದ್ದವು. ರಷ್ಯಾದ ಸಂಗೀತ ರಚನಕಾರ ಮೆಡ್ಟ್ನರ್ ತನ್ನ ಪಿಯಾನೊ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಿದ್ದೂ ಇದೇ ಮೈಸೂರಿನ ದುಡ್ಡಿನಲ್ಲಿ. ಅದನ್ನೇ ಬೇರೆ ಬರೆಯಬೇಕು, ಬಿಡಿ.

ಆವತ್ತಿನ ರೆಕಾರ್ಡ್ ಈಗ ಸೀಡಿಯಲ್ಲೂ ಸಿಗುತ್ತದೆ. ಕೇಳಲು ಚೆನ್ನಾಗಿದೆಯಾ ಅಂದರೆ, ಸುಳ್ಳು ಯಾಕೆ ಹೇಳಲಿ, ಇಲ್ಲ. ಬಾಣಲೆಯಲ್ಲಿ ಹಪ್ಪಳ ಬಿಟ್ಟ ಹಾಗೆ ಚರಪರ ಸದ್ದು ಜಾಸ್ತಿ. ಆದರೂ ಕೊನೆಯ ಹಾಡಿನಲ್ಲಿ, ಇಳಿಹೊತ್ತಿನ ಬೆಳಕಿನಲ್ಲಿ ಇಬ್ಬರು ಮುದುಕರು ನಡೆದು ಸುಸ್ತಾಗಿ ನಿಂತಿದ್ದಾರೆ, ಎರಡು ಹಕ್ಕಿ ಮೇಲೇರುತ್ತವೆ ಅನ್ನುವಲ್ಲಿ, ಆ ಚರಪರದ ಹಿಂದಿನಿಂದ ಕೊಳಲು ಬರುತ್ತದೆ. ನಾನು ಅಲ್ಲಿಗೆ ಬಂದಾಗ ಫ್ಯಾನ್ ಆರಿಸುತ್ತೇನೆ.

ಮುಂದಿನ ದಸರಾ ಪುರವಣಿಯಲ್ಲಿ ಇದಕ್ಕೆ ಅರ್ಧ ಪುಟ ಕೊಡಬಹುದಲ್ವಾ? ಆನೆ ಫೋಟೊ ಒಂದು ಕಡಿಮೆಯಾದರೂ ಪರವಾಗಿಲ್ಲ.

ಇತಿ,
ಒಬ್ಬ ಹಳೆಯ ಓದುಗ, ಮೈಸೂರು