ಮೊದಲ 4 ವಾರ ಕಂಪ್ಯೂಟರ್ ಮುಟ್ಟುವಂತಿಲ್ಲ: ನಮ್ಮ ಡ್ರಾಯಿಂಗ್ ಕ್ಲಾಸಿನಿಂದ ಒಂದು ಪತ್ರ

ವಿದ್ಯಾರ್ಥಿಗಳಿಗೆ, ಫೀಸು ಕಟ್ಟುವ ಅವರ ಮನೆಯವರಿಗೆ,

ನಮಸ್ಕಾರ. ಮುಂದಿನ ಬ್ಯಾಚಿನಿಂದ ನಮ್ಮ ಕಟ್ಟಡ ನಕ್ಷೆ ಕ್ಲಾಸು 10 ವಾರದ ಬದಲು 14 ವಾರ ನಡೆಯುತ್ತದೆ. ಮೊದಲ 4 ವಾರ ಕಂಪ್ಯೂಟರ್ ಇಲ್ಲ. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಸೆಟ್‌ಸ್ಕ್ವೇರು, ಪೆನ್ಸಿಲು, ಅಷ್ಟೇ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ಏನಿದ್ದರೂ ಆಮೇಲೆ.

ಇದನ್ನು ಹೇಳಿದ ದಿನದಿಂದ ಫೋನು ನಿಂತಿಲ್ಲ. "ಈ ಕಾಲದಲ್ಲಿ ಕೈಯಲ್ಲಿ ಯಾರು ಬರೀತಾರೆ ಸಾರ್?" ಕೇಳಬೇಕಾದ ಪ್ರಶ್ನೆಯೇ. ನಮ್ಮ ಆಫೀಸಿನ ನಕ್ಷೆಗಳನ್ನೂ ನಾವು ಕಂಪ್ಯೂಟರಿನಲ್ಲೇ ಮಾಡುವುದು. ಹಾಗಾಗಿ ಕಾರಣ ಹೇಳಬೇಕು. ಕಾರಣ ಒಂದು ಮೆಟ್ಟಿಲು.

ನಮ್ಮಲ್ಲಿ ಚೆನ್ನಾಗಿ ಕಲಿತ ಹುಡುಗನೊಬ್ಬ ತನ್ನ ಮಾವನ 30×40 ಸೈಟಿಗೆ ಪ್ಲಾನ್ ಬರೆದ. ಮೆಟ್ಟಿಲ ಕೆಳಗೆ ಜಾಗ ಸುಮ್ನೆ ಹಾಳಾಗುತ್ತದೆ ಅಂತ ಅಲ್ಲೊಂದು ಟಾಯ್ಲೆಟ್ ಕೂರಿಸಿದ. ಪ್ರಿಂಟು ಅಚ್ಚುಕಟ್ಟಾಗಿತ್ತು. ನಾವೂ ನೋಡಿ ಚೆನ್ನಾಗಿದೆ ಅಂದೆವು. ಮೇಸ್ತ್ರಿ ಮಾತ್ರ ಹಾಳೆ ಹಿಡಿದುಕೊಂಡು ಬೆರಳಲ್ಲಿ ಮೆಟ್ಟಿಲು ಎಣಿಸಿದರು. ಬಾಗಿಲು ಬಂದಿದ್ದು 8ನೇ ಮೆಟ್ಟಿಲ ಕೆಳಗೆ. ಒಂದೊಂದು ಮೆಟ್ಟಿಲು 7 ಇಂಚು. ಎಂಟೇಳು ಐವತ್ತಾರು ಇಂಚು. ಅದರಲ್ಲಿ ಸ್ಲ್ಯಾಬಿನ ದಪ್ಪ ಕಳೆದರೆ ಉಳಿಯೋದು 4 ಅಡಿ ಚಿಲ್ಲರೆ. "ಇದರೊಳಗೆ ಯಾರು ಹೋಗೋದು ಸ್ವಾಮಿ, ಮಕ್ಕಳಾ?" ಅಂದರು. ಗೋಡೆ ಏಳುವ ಮೊದಲೇ ಗೊತ್ತಾಗಿದ್ದು ಪುಣ್ಯ.

ತಪ್ಪು ಹುಡುಗನದ್ದಲ್ಲ, ನಮ್ಮದು. ಪ್ಲಾನ್ ಅಂದರೆ ಮನೆಯನ್ನು ಎದೆಮಟ್ಟದಲ್ಲಿ ಅಡ್ಡ ಕತ್ತರಿಸಿ ಮೇಲಿಂದ ನೋಡಿದ ಹಾಗೆ. ಅದರಲ್ಲಿ ಎತ್ತರ ಕಾಣುವುದಿಲ್ಲ. ಎತ್ತರ ಕಾಣೋದು ಸೆಕ್ಷನ್ನಿನಲ್ಲಿ, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡಿದ ಹಾಗೆ ಬರೆದ ನಕ್ಷೆಯಲ್ಲಿ. ಅವನು ಮೆಟ್ಟಿಲನ್ನು ಬರೆದೇ ಇರಲಿಲ್ಲ, ಇನ್ನೊಂದು ಫೈಲಿನಿಂದ ಎತ್ತಿ ತಂದು ಅಂಟಿಸಿದ್ದ. ಬೋರ್ಡಿನ ಮೇಲಾದರೆ ಹಾಗೆ ಅಂಟಿಸಲು ಬರುವುದಿಲ್ಲ. ಪ್ಲಾನಿನಿಂದ ಒಂದೊಂದೇ ಗೆರೆ ಇಳಿಸಿ, ಪ್ರತಿ ಮೆಟ್ಟಿಲನ್ನೂ ಏರಿಸುತ್ತಾ ಹೋಗಬೇಕು. 8ನೆಯದಕ್ಕೆ ಬರುವ ಹೊತ್ತಿಗೆ ಬಾಗಿಲು ಹಿಡಿಸುವುದಿಲ್ಲ ಅಂತ ಕೈಗೇ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಅಳತೆಯ ಅಂದಾಜಿನದು. ಪರದೆಯ ಮೇಲೆ ಜೂಮ್ ಮಾಡಿದರೆ ಬಚ್ಚಲುಮನೆಯೂ ಕಲ್ಯಾಣಮಂಟಪದಷ್ಟು ಕಾಣುತ್ತದೆ. ಹಾಳೆಯಲ್ಲಿ ಆ ಆಟ ನಡೆಯುವುದಿಲ್ಲ. 1:100 ಸ್ಕೇಲಿನಲ್ಲಿ, ಅಂದರೆ ನಿಜವಾದ ಅಳತೆಯ ನೂರನೇ ಒಂದು ಭಾಗದಲ್ಲಿ ಬರೆದರೆ, 30×40 ಸೈಟು ಪೂರ್ತಿ 9 ಸೆಂ.ಮೀ.ಗೆ 12 ಸೆಂ.ಮೀ., ಹೆಚ್ಚುಕಮ್ಮಿ ಅಂಗೈಯಷ್ಟು. 9 ಇಂಚಿನ ಗೋಡೆ 2 ಮಿ.ಮೀ. ಚಿಲ್ಲರೆ. ನಾಲ್ಕು ಹಾಳೆ ಬರೆದ ಮೇಲೆ ಕಣ್ಣಿಗೆ ಅದು ಕೂತುಬಿಡುತ್ತದೆ.

ಆ 4 ವಾರದಲ್ಲಿ ಮುಖ್ಯವಾಗಿ ಮಾಡಿಸೋದು ನಿಮ್ಮ ಸ್ವಂತ ಮನೆಯ ಅಳತೆ. ಟೇಪು ಹಿಡಿದು ಕೋಣೆಯ ಉದ್ದ, ಅಗಲ ತೆಗೆಯಬೇಕು. ಅದರ ಜೊತೆ ಮೂಲೆಯಿಂದ ಮೂಲೆಗೂ ಅಳೆಯಬೇಕು. 9 ಅಡಿಗೆ 12 ಅಡಿಯ ಕೋಣೆಯಾದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 15 ಅಡಿ ಬರಬೇಕು. ಬರಲಿಲ್ಲವಾ? ಕೋಣೆ ಸೊಟ್ಟಗಿದೆ. (ಬಹಳ ಮನೆಗಳಲ್ಲಿ ಸೊಟ್ಟಗೇ ಇರುತ್ತದೆ. ಅಪ್ಪನ ಹತ್ತಿರ ಹೇಳಲು ಹೋಗಬೇಡಿ.) ಆಮೇಲೆ ಅದನ್ನೇ 2ಎಚ್ ಪೆನ್ಸಿಲಿನಲ್ಲಿ ತೆಳ್ಳಗೆ ಎಳೆದು, ಕತ್ತರಿಸಿದ ಗೋಡೆಗಳನ್ನು ಮಾತ್ರ ಎಚ್‌ಬಿಯಲ್ಲಿ ದಪ್ಪ ಮಾಡುವುದು. ಪ್ಲಾನು, ಸೆಕ್ಷನ್ನು, ಎಲಿವೇಷನ್ನು (ಹೊರಗಿನಿಂದ ನೇರ ನೋಡಿದರೆ ಕಾಣುವ ಮನೆಯ ಮುಖ) ಮೂರೂ ಒಂದೇ ಹಾಳೆಯಲ್ಲಿ.

5ನೇ ವಾರ ಅದೇ ಮನೆಯನ್ನು ಆಟೋಕ್ಯಾಡಿನಲ್ಲಿ ಬರೆಸುತ್ತೇವೆ. ಕೈ ಪಳಗಿದವರಿಗೆ ಅಲ್ಲಿನ ಗೋಜಲುಗಳು ಬೇಗ ಬಿಡಿಸಿಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ಮನೆಯನ್ನು ನಿಜವಾದ ಅಳತೆಯಲ್ಲೇ ಬರೆಯುತ್ತೇವೆ, ಸ್ಕೇಲು ಬರೋದು ಪ್ರಿಂಟಿನಲ್ಲಿ. ಹಾಗಾಗಿ 1:100ರ ಹಾಳೆಯಲ್ಲಿ ಅಕ್ಷರ 2.5 ಮಿ.ಮೀ. ಬೇಕಾದರೆ ಮನೆಯ ಪಕ್ಕ ಬರೆಯುವಾಗ 250 ಅಂತ ಕೊಡಬೇಕು. ಎಷ್ಟೋ ಜನ 2.5 ಅಂತಲೇ ಕೊಟ್ಟು, ಅಕ್ಷರ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಕೂರುತ್ತಾರೆ.

ಹಾಗಂತ ಹಳೆಯದೇ ಚೆಂದ ಅಂತ ಹಾಡುವವರು ನಾವಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನ ಗೆರೆಯನ್ನು ಬ್ಲೇಡಿನಲ್ಲಿ ಕೆರೆದವರಿಗೆ ಆ ಕಷ್ಟ ಗೊತ್ತು. ಸ್ವಲ್ಪ ಒತ್ತಿದರೆ ಹಾಳೆಯೇ ತೂತು. ವಾಸ್ತು ಹೇಳುವವರು ಬಂದು ಅಡುಗೆಮನೆ ಆಗ್ನೇಯಕ್ಕೆ ಸರಿಸಿ ಅಂದರೆ ಮತ್ತೆ ಮೊದಲಿಂದ. ಈಗ ಅದು ಅರ್ಧ ಗಂಟೆಯ ಕೆಲಸ.

ಇನ್ನು ದುಡ್ಡಿನ ವಿಷಯ. ಹೊಸ ಬ್ಯಾಚಿಗೆ ಫೀಸು 2,000 ರೂಪಾಯಿ ಜಾಸ್ತಿ. ಈಗಾಗಲೇ ಸೇರಿದವರು ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ. ಕೈ ನಕ್ಷೆಯ 4 ವಾರಕ್ಕೆ ಅವರೂ ಬಂದು ಕೂರಬಹುದು. ಬೋರ್ಡು, ಟಿ-ಸ್ಕ್ವೇರು ನಾವೇ ಕೊಡುತ್ತೇವೆ, ಪೆನ್ಸಿಲು, ಹಾಳೆ ನಿಮ್ಮದು. ಡಿಪ್ಲೊಮಾದಲ್ಲಿ ಡ್ರಾಯಿಂಗ್ ಮಾಡಿದವರು ಹಳೆಯ ಶೀಟು ತಂದು ತೋರಿಸಿ. ಸೆಕ್ಷನ್ ಸರಿ ಇದ್ದರೆ ನೇರ 5ನೇ ವಾರಕ್ಕೆ ಸೇರಿಸಿಕೊಳ್ಳುತ್ತೇವೆ.

ಪದೇಪದೇ ಕೇಳುವ ಇನ್ನೊಂದು ಮಾತು. ಈ ಕೋರ್ಸು ಮುಗಿಸಿದರೆ ಆರ್ಕಿಟೆಕ್ಟ್ ಆಗುವುದಿಲ್ಲ. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿ ಆದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ನಾವು ಕಲಿಸೋದು ನಕ್ಷೆ ಬರೆಯುವ ಕೆಲಸ.

ಮೊದಲ ದಿನ ಬರುವಾಗ 5 ಮೀಟರಿನ ಟೇಪು ತನ್ನಿ. ಲ್ಯಾಪ್‌ಟಾಪು ಮನೆಯಲ್ಲೇ ಇರಲಿ.

ಇಂತಿ,
ಡ್ರಾಯಿಂಗ್ ಕ್ಲಾಸಿನವರು