ಮುಂದಿನ ತಿಂಗಳಿಂದ ಉದ್ರಿ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯರೇ,

ಮುಂದಿನ ತಿಂಗಳ 1ರಿಂದ ನಮ್ಮಲ್ಲಿ ಕಾಫಿ ಪುಡಿ ಉದ್ರಿ ಸಿಗುವುದಿಲ್ಲ. ಮನೆಗೆ ಒಯ್ಯುವವರಿಗೂ ಹೋಟೆಲ್‌ನವರಿಗೂ ಇದೇ ಮಾತು. ಮದುವೆ ಆರ್ಡರ್‌ಗೆ ಅರ್ಧ ಹಣ ಮುಂಗಡ ಬೇಕು. ಅಪ್ಪನ ಕಾಲದ ಉದ್ರಿ ಪುಸ್ತಕ ಮುಚ್ಚಲು ನಮಗೂ ಕೈ ಬರುತ್ತಿಲ್ಲ. ಕ್ಷಮಿಸಿ.

ಕಾರಣ ಮುಚ್ಚಿಡುವುದಿಲ್ಲ. ಹುರಿಯುವ ಹೊಸ ಮಷೀನಿನ ಸಾಲಕ್ಕೆ ಮೂರು ತಿಂಗಳು ಕಂತು ಕಟ್ಟಲಾಗಲಿಲ್ಲ. 90 ದಿನ ದಾಟಿದ್ದೇ ಸಾಲ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಯಿತು. ಒಂದು ಸಾಲ ಕೆಟ್ಟರೆ ಅದೇ ಬ್ಯಾಂಕಿನಲ್ಲಿರುವ ನಮ್ಮ ಎಲ್ಲ ಸಾಲವೂ ಕೆಟ್ಟ ಲೆಕ್ಕಕ್ಕೆ ಸೇರುತ್ತದೆ ಎನ್ನುವುದು ಆಗಲೇ ಗೊತ್ತಾಗಿದ್ದು. ಬೀಜ ಕೊಳ್ಳಲು ಬೇಕಾದಾಗ ಹಣ ತೆಗೆಯುವ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯೂ ನಿಂತಿತು. ಜಾಮೀನು ಹಾಕಿದ್ದ ಭಾವನ ಸಿಬಿಲ್ ಸ್ಕೋರೂ (ಸಾಲ ಕೊಡುವಾಗ ಬ್ಯಾಂಕ್ ನೋಡುವ ಅಂಕ) ಬಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಜಾಸ್ತಿ ನೋವು.

"ಕಾಫಿಗೆ ಬಂಗಾರದ ಬೆಲೆ ಬಂದಿದೆ, ನಿಮಗೆಂಥ ಸಾಲ?" ಕೌಂಟರ್‌ನಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ಸ್ವಾಮಿ, ನಮಗೆ ತೋಟ ಇಲ್ಲ. ಬೆಲೆ ಏರಿದರೆ ಬೆಳೆದವರಿಗೆ ಒಳ್ಳೆಯದು, ಆಗಲಿ. ನಾವು ಕೊಳ್ಳುವವರು. 2023ರ ಶುರುವಿನಲ್ಲಿ 50 ಕೆಜಿ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆ 5 ಸಾವಿರದ ಆಸುಪಾಸಿತ್ತು. 2024ರ ಏಪ್ರಿಲ್ ಹೊತ್ತಿಗೆ ಸುಮಾರು 10 ಸಾವಿರ. ಆ ಮೂಟೆಯ ಸಿಪ್ಪೆ ಬಿಡಿಸಿದರೆ ಬೀಜ ಸಿಗುವುದು ಅರ್ಧದಷ್ಟು. ಹುರಿದರೆ 100 ಕೆಜಿ ಬೀಜದಲ್ಲಿ 15ರಿಂದ 20 ಕೆಜಿ ಆವಿಯಾಗಿ ಹೋಗುತ್ತದೆ. ಸಿಸಿ ಮಿತಿ ಮಾತ್ರ ಅಷ್ಟೇ ಇತ್ತು, ಅದರಲ್ಲಿ ಅರ್ಧ ಮಾಲು ಬರುತ್ತಿತ್ತು. ಪುಡಿ ಬೆಲೆ ಒಮ್ಮೆಲೇ ಏರಿಸಲು ನಿಮ್ಮ ಮುಖ ನೋಡಿ ಧೈರ್ಯ ಬರಲಿಲ್ಲ. ಹೋಟೆಲ್ ಬಾಕಿ ತಿಂಗಳಿಂದ ತಿಂಗಳಿಗೆ ಮುಂದೆ ಹೋಯಿತು. ಇಷ್ಟಾದರೂ ಚಿಕೋರಿ ಒಂದು ಗ್ರಾಂ ಜಾಸ್ತಿ ಹಾಕಿಲ್ಲ. ಕಾನೂನು ನೂರಕ್ಕೆ 49 ಭಾಗದವರೆಗೂ ಬಿಡುತ್ತದೆ. ನಮ್ಮಲ್ಲಿ 80–20 (80 ಭಾಗ ಕಾಫಿ, 20 ಭಾಗ ಚಿಕೋರಿ) ಕೇಳಿದವರಿಗೆ 80–20ಯೇ ಸಿಕ್ಕಿದೆ.

ತಪ್ಪು ನಮ್ಮದೂ ಇದೆ. ಮೊದಲ ಕಂತು ತಪ್ಪಿದಾಗಲೇ ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಬೇಕಿತ್ತು. ನಾಚಿಕೆಯಾಗಿ ಸುಮ್ನೆ ಕೂತೆವು.

ಅಂಗಡಿ ಹರಾಜಂತೆ ಎಂದು ಸಂತೆಯಲ್ಲಿ ಮಾತಾಡುತ್ತಿದ್ದಾರೆ. ಹರಾಜಿಲ್ಲ. ಬಂದಿದ್ದು ಸರ್ಫೇಸಿ ಕಾಯ್ದೆಯ (ಬ್ಯಾಂಕುಗಳ ಸಾಲ ವಸೂಲಿ ಕಾನೂನು) 13(2) ನೋಟಿಸ್. ಸಾಲ ತೀರಿಸಲು ಅದರಲ್ಲಿ 60 ದಿನ ಕೊಡುತ್ತಾರೆ. ತೀರದಿದ್ದರೆ ಅಡವಿಟ್ಟ ಕಟ್ಟಡ ಬ್ಯಾಂಕಿನ ಸ್ವಾಧೀನಕ್ಕೆ ಹೋಗಬಹುದು. ಆಗ ಬಾಗಿಲಿಗೆ ನೋಟಿಸ್ ಅಂಟಿಸಿ ಪೇಪರ್‌ನಲ್ಲೂ ಹಾಕುತ್ತಾರೆ. ಅಲ್ಲಿಗೆ ಬಿಡಲಿಲ್ಲ. ಅಮ್ಮನ ಒಡವೆ, ಕಡೂರು ರಸ್ತೆಯ ಸೈಟು ಮಾರಿ ಹಿಂದಿನ ಕಂತು, ಬಡ್ಡಿ ಪೂರ್ತಿ ಕಟ್ಟಿದೆವು. ಪೂರ್ತಿ ಕಟ್ಟಿದರೆ ಮಾತ್ರ ಎನ್‌ಪಿಎ ತೆಗೆಯುತ್ತಾರೆ. ತೆಗೆದಿದ್ದಾರೆ. ಆದರೆ ಸಿಸಿ ಮಿತಿ ಅರ್ಧಕ್ಕೆ ಇಳಿದಿದೆ. ಇನ್ನು ನಗದು ಕೊಟ್ಟೇ ಬೀಜ ತರಬೇಕು. ಅದನ್ನು ಉದ್ರಿ ಕೊಟ್ಟರೆ ಮತ್ತೆ ಅದೇ ಗತಿ, ಅಲ್ವಾ?

ಹಳೆ ಬಾಕಿ ಇರುವವರು ಒಮ್ಮೆಲೇ ತರಬೇಕೆಂದಿಲ್ಲ. ಕಷ್ಟ ಇದ್ದರೆ ಬಂದು ಹೇಳಿ, ಕಂತು ಮಾಡಿಕೊಳ್ಳೋಣ. ನಮ್ಮ ಹಾಗೆ ನಾಚಿಕೊಂಡು ಪಕ್ಕದ ರಸ್ತೆಯಲ್ಲಿ ಹೋಗಬೇಡಿ. ಮಧ್ಯಾಹ್ನ ಅಮ್ಮ ಕೌಂಟರ್‌ನಲ್ಲೇ ಇರುತ್ತಾರೆ. ನಿಮ್ಮ ಮನೆಯ ಅಳತೆ, ಹದ ಎಲ್ಲ ಅವರಿಗೆ ಬಾಯಿಪಾಠ.

ನಿಮ್ಮ ಕಾಫಿ ಪುಡಿ ಅಂಗಡಿಯವರು
ಚಿಕ್ಕಮಗಳೂರು