ಕುಡಿಯುವ ನೀರಿನ ಕೆರೆಗಳು ಹಸಿರಾಗುತ್ತಿರುವ ಕುರಿತು ರಾಯಚೂರು ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ನಮ್ಮ ಜಿಲ್ಲೆಯಲ್ಲಿ ಮುಗಿಯುತ್ತದೆ. ಸಿಂಧನೂರು, ಮಾನ್ವಿ, ಸಿರವಾರ ಭಾಗದ ಎಷ್ಟೋ ಹಳ್ಳಿ ಮತ್ತು ಕ್ಯಾಂಪುಗಳಲ್ಲಿ ಕೊಳವೆ ಬಾವಿಯ ನೀರು ಉಪ್ಪಾಗಿಯೋ ಫ್ಲೋರೈಡ್ ಬೆರೆತೋ ಕುಡಿಯಲು ಬಾರದ ಕಾರಣ, ಕಾಲುವೆ ಹರಿಯುವಾಗಲೇ ಕೆರೆ ತುಂಬಿಸಿಕೊಂಡು, ಬೇಸಿಗೆಗೆ ಕಾಲುವೆ ಬಂದಾದ ಮೇಲೆ ಮತ್ತೆ ನೀರು ಬಿಡುವವರೆಗೆ ಅದೇ ನೀರಿನಲ್ಲಿ ದಿನ ದೂಡಬೇಕಾಗುತ್ತದೆ. ಈ ಪತ್ರ ಆ ಕೆರೆಗಳ ಬಗ್ಗೆ. ಏಪ್ರಿಲ್, ಮೇ ತಿಂಗಳಲ್ಲಿ ಅವು ಹಸಿರಾಗುವುದನ್ನು ಊರಿನವರೂ ಅಧಿಕಾರಿಗಳೂ ಬೇಸಿಗೆಯ ಮಾಮೂಲಿ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಆ ಒಪ್ಪಿಗೆಯಲ್ಲಿ ದೊಡ್ಡ ಅಪಾಯವಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಬಯಸುತ್ತೇನೆ.

ಮೇ ತಿಂಗಳಲ್ಲಿ ಇಂಥ ಯಾವುದೇ ಕೆರೆಯ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿ, ಅಲುಗಾಡಿಸದೆ ರಾತ್ರಿಯಿಡೀ ನೆರಳಿನಲ್ಲಿಟ್ಟು ನೋಡಬಹುದು. ಸಾಮಾನ್ಯ ಪಾಚಿಯಾಗಿದ್ದರೆ ಬಹುಪಾಲು ತಳಕ್ಕೆ ಕೂರುತ್ತದೆ. ಆದರೆ ನಮ್ಮೂರಿನ ಕೆರೆಯ ನೀರಿನಲ್ಲಿ ಬೆಳಗಾಗುವಷ್ಟರಲ್ಲಿ ಹಸಿರೆಲ್ಲ ಮೇಲೆದ್ದು ಬಾಟಲಿಯ ಕತ್ತಿನ ಸುತ್ತ ಬಣ್ಣ ಬಳಿದಂತೆ ದಪ್ಪಗೆ ಕೂಡಿಕೊಂಡಿತ್ತು. ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಹೀಗೆ ತೇಲುವುದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾದ ಲಕ್ಷಣ. ಅದರ ಜೀವಕೋಶಗಳೊಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಣೆಗಳಿದ್ದು, ಬಿಸಿಲು ಮತ್ತು ನಿಂತ ನೀರು ಎರಡೂ ಸಿಕ್ಕಾಗ ಅದು ಮೇಲ್ಪದರವನ್ನು ಆಕ್ರಮಿಸಿಕೊಳ್ಳುತ್ತದೆ. ಪಡುವಣ ಗಾಳಿ ಶುರುವಾದ ಮೇಲೆ ಈ ಕೆನೆಯೆಲ್ಲ ಮೂಡಣ ಏರಿಯ ಬದಿಗೆ ಸರಿಯುತ್ತದೆ; ಕೆರೆಯಿಂದ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್, ಅದೇ ಬದಿಗಿದ್ದರೆ ಊರಿನ ನಲ್ಲಿಗೆ ಹೋಗುವುದು ಕೆರೆಯಲ್ಲೇ ಅತ್ಯಂತ ಕೆಟ್ಟ ನೀರು.

ಈ ಜಾತಿಯ ಕೆಲವು ಪಾಚಿಗಳು ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅದು ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ, ದನಕರುಗಳಿಗೂ ಮಾರಕ, ಮತ್ತು ಕುದಿಸಿದರೆ ನಾಶವಾಗುವುದಿಲ್ಲ. ದಿನನಿತ್ಯ ಕುಡಿಯುವ ನೀರಿನಲ್ಲಿ ಇದರ ಮುಖ್ಯ ಬಗೆಯಾದ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರಲ್ಲಿ ಈ ವಿಷಕ್ಕೆ ಮಿತಿ ಗೊತ್ತುಪಡಿಸಿಲ್ಲದ್ದರಿಂದ, ಪ್ರಯೋಗಾಲಯದ ವರದಿಯಲ್ಲಿ ನೀರು ಕುಡಿಯಲು ಯೋಗ್ಯವೆಂದು ಬಂದರೂ ಈ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ, ಆಧುನಿಕ ಶುದ್ಧೀಕರಣ ಘಟಕವಿದ್ದೂ, ಈರಿ ಸರೋವರದಿಂದ ಬಂದ ಈ ವಿಷ ನಲ್ಲಿಯ ನೀರನ್ನು ಸೇರಿತು. ಸುಮಾರು 5 ಲಕ್ಷ ಜನರಿಗೆ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಎಚ್ಚರಿಸಬೇಕಾಯಿತು. 2022ರಲ್ಲಿ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಜನ ಪ್ರಾಣ ಕಳೆದುಕೊಂಡ ದುಃಖವನ್ನು ನಾವು ಕಂಡಿದ್ದೇವೆ. ಅಲ್ಲಿ ವಾಂತಿಭೇದಿ ತಕ್ಷಣ ಕಾಣಿಸಿಕೊಂಡಿತು. ಸಣ್ಣ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ದೇಹ ಸೇರುವ ವಿಷವಾದರೋ ಅಂಥ ಸೂಚನೆ ಕೊಡುವುದಿಲ್ಲ, ನನ್ನ ಆತಂಕ ಇರುವುದೇ ಅಲ್ಲಿ. ಶುದ್ಧ ನೀರಿನ ಘಟಕದ ಆರ್‌ಒ ನೀರು ಕುಡಿಯುವವರಿಗೆ ಸಾಕಷ್ಟು ರಕ್ಷಣೆಯಿದೆ, ನಿಜ. ಆದರೆ ಅಡುಗೆಗೆ ಬಳಸುವುದು, ದನಗಳಿಗೆ ಕುಡಿಸುವುದು ನಲ್ಲಿಯ ನೀರನ್ನೇ.

ಕೆರೆ ಹಸಿರಾದ ಮೇಲೆ ಬ್ಲೀಚಿಂಗ್ ಪೌಡರ್ ಅಥವಾ ಮೈಲುತುತ್ತ ಹಾಕುವ ರೂಢಿ ಹಲವೆಡೆ ಇದೆ. ಹಾಗೆ ಮಾಡಿದಾಗ ಪಾಚಿಯ ಕೋಶಗಳು ಒಡೆದು, ಅಲ್ಲಿಯವರೆಗೆ ಒಳಗಿದ್ದ ವಿಷ ನೀರಿನಲ್ಲಿ ಕರಗುತ್ತದೆ. ಬಣ್ಣ ತಿಳಿಯಾದದ್ದನ್ನು ಕಂಡು ಜನ ಧೈರ್ಯದಿಂದ ಕುಡಿಯುವ ಹೊತ್ತೇ ಹೆಚ್ಚು ಅಪಾಯದ ಹೊತ್ತಾಗಬಹುದು. ಈ ರೂಢಿಯನ್ನು ತಾವು ಸ್ಪಷ್ಟ ಆದೇಶದ ಮೂಲಕ ನಿಲ್ಲಿಸಬೇಕೆಂದು ಕೋರುತ್ತೇನೆ.

ಪಾಚಿಗೆ ಇಷ್ಟು ಆಹಾರ ಸಿಗುತ್ತಿರುವುದು ಎಲ್ಲಿಂದ ಎಂಬುದೇ ಮೂಲ ಪ್ರಶ್ನೆ. ಸಿಹಿನೀರಿನ ಕೆರೆಗಳಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಕಡಿವಾಣ ಹಾಕುವುದು ರಂಜಕದ, ಅಂದರೆ ಫಾಸ್ಫರಸ್‌ನ, ಕೊರತೆ. ಕೆನಡಾದ ವಿಜ್ಞಾನಿಗಳು 1973ರಲ್ಲಿ ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡೂ ಕಡೆ ಸಾರಜನಕ ಮತ್ತು ಇಂಗಾಲವನ್ನು ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದಾಗ, ಆ ಒಂದು ಕಡೆ ಮಾತ್ರ ಹಸಿರಾಯಿತು. 1 ಕಿಲೋ ರಂಜಕದಿಂದ 500 ಕಿಲೋದಷ್ಟು ಹಸಿ ಪಾಚಿ ಬೆಳೆಯಬಲ್ಲದು. ಭತ್ತಕ್ಕೆ ನಾವು ಹಾಕುವ 50 ಕಿಲೋ ಡಿಎಪಿ ಗೊಬ್ಬರದ ಚೀಲದಲ್ಲಿ ಸುಮಾರು 10 ಕಿಲೋ ರಂಜಕವಿರುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಅಲ್ಪ ಸೋರಿಕೆಯೂ ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ರೈತರ ಮೇಲೆ ಹೊರೆ ಹೊರಿಸುವುದು ಅನ್ಯಾಯ. ನಾನೂ ಗದ್ದೆ ಮಾಡುವವನೇ. ನಮ್ಮ ಎರೆ ಮಣ್ಣು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮಣ್ಣೇ ಕೊಚ್ಚಿ ಹೋದಾಗ ಅದರೊಂದಿಗೆ ರಂಜಕವೂ ಹೋಗುತ್ತದೆ. ರೊಳ್ಳಿ ಹೊಡೆದ (ನಾಟಿಗೆ ಕೆಸರು ಮಾಡಿದ) ಗದ್ದೆಯ ಬದುವಿನ ಕೆಂಡಿ ಒಡೆದು ಬಿಟ್ಟ ಬಗ್ಗಡ, ಉಪಕಾಲುವೆಗೆ ತಿರುಗಿಸಿದ ಊರಿನ ಚರಂಡಿ, ದಂಡೆಯ ಮೇಲಿನ ತಿಪ್ಪೆ, ಇವೆಲ್ಲವೂ ಕೆರೆ ತುಂಬಿಸುವ ನೀರಿನೊಂದಿಗೇ ಬರುತ್ತವೆ. ಈ ಪೈಕಿ ಚರಂಡಿಯನ್ನು ತಡೆಯುವುದು ಸಂಪೂರ್ಣವಾಗಿ ಗ್ರಾಮ ಪಂಚಾಯಿತಿಗಳ ಕೈಯಲ್ಲಿದೆ. ಕುಡಿಯುವ ನೀರಿನ ಕೆರೆಯನ್ನು ಮೀನು ಸಾಕಣೆಗೆ ಗುತ್ತಿಗೆ ಕೊಟ್ಟಿರುವ ಕಡೆಯಂತೂ, ಮೀನಿನ ಆಹಾರಕ್ಕಾಗಿ ಸಗಣಿ ಮತ್ತು ಸೂಪರ್ ಫಾಸ್ಫೇಟ್ ಹಾಕುವುದೇ ಸಾಕಣೆಯ ಪದ್ಧತಿಯಾದ್ದರಿಂದ, ಆ ಗುತ್ತಿಗೆಯನ್ನು ಮುಂದುವರಿಸಲು ಯಾವ ಸಮರ್ಥನೆಯೂ ಇಲ್ಲ.

ಹೊರಗಿನಿಂದ ಬರುವುದನ್ನೆಲ್ಲ ತಡೆದರೂ ಕೆರೆಯ ತಳದ ಹೂಳಿನಲ್ಲಿ ಹಳೆಯ ರಂಜಕ ಉಳಿದಿರುತ್ತದೆ. ಬೇಸಿಗೆಯಲ್ಲಿ ತಳದ ಆಮ್ಲಜನಕ ತೀರಿದಾಗ ಅದು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಆದ್ದರಿಂದ ಏರಿಗೆ ಕಲ್ಲು ಹೊದಿಸುವ, ದೀಪ ಹಾಕುವ ಕಾಮಗಾರಿಗಳಿಗಿಂತ ಮೊದಲು ಹೂಳು ತೆಗೆಸಬೇಕು. ಜೂನ್ ಹೊತ್ತಿಗೆ ಕೆರೆಗಳು ಬಹುತೇಕ ಬರಿದಾಗಿರುತ್ತವೆ, ಕಾಲುವೆಗೆ ನೀರು ಇನ್ನೂ ಬಂದಿರುವುದಿಲ್ಲ. ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ.

ಹೂಳು ತೆಗೆಯುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಮಾರ್ಚ್‌ನಿಂದಲೇ ವಾರಕ್ಕೊಮ್ಮೆ ಈ ಕೆರೆಗಳ ನೀರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ನೀಲಿ-ಹಸಿರು ಪಾಚಿ ಕಂಡ ಕೆರೆಯ ಮಾದರಿಯನ್ನು ವಿಷದ ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆಯಾಗಬೇಕು. ಮೇಲ್ಪದರದ ಕೆನೆ ಎಳೆದುಕೊಳ್ಳದಂತೆ ಜಾಕ್‌ವೆಲ್‌ನ ಪೈಪಿನ ಬಾಯನ್ನು ಕೆಳಗಿನ ಮಟ್ಟಕ್ಕೆ ಇಳಿಸುವುದು ದೊಡ್ಡ ಖರ್ಚಿನ ಮಾತಲ್ಲ. ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಬೇಕು, ಕೆಟ್ಟ ವರದಿ ಬಂದ ದಿನವೇ ಡಂಗುರ ಸಾರಿಸಿ ಟ್ಯಾಂಕರ್ ಕಳುಹಿಸಬೇಕು.

ಯಾವ ಕೆರೆಯ ಹೂಳನ್ನು ಯಾವಾಗ ತೆಗೆಸಲಾಗುವುದು ಎಂಬ ವೇಳಾಪಟ್ಟಿಯನ್ನು ತಾವು ಬೇಸಿಗೆಗೆ ಮುಂಚೆಯೇ ಪಂಚಾಯಿತಿಗಳಿಗೆ ಕಳುಹಿಸಿಕೊಟ್ಟರೆ, ಆ ಹೂಳನ್ನು ಹೊಲಕ್ಕೆ ಒಯ್ಯಲು ರೈತರು ತಮ್ಮ ಟ್ರ್ಯಾಕ್ಟರುಗಳೊಂದಿಗೆ ಬರುತ್ತಾರೆ. ನಮ್ಮ ಊರಿನ ಮಟ್ಟಿಗೆ ಅವರನ್ನು ಒಟ್ಟುಗೂಡಿಸುವ ಜವಾಬ್ದಾರಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಸಿಂಧನೂರು ತಾಲ್ಲೂಕಿನ ಒಬ್ಬ ರೈತ, ನಿವೃತ್ತ ವಿಜ್ಞಾನ ಶಿಕ್ಷಕ